ಗಾಳಿನಾಳದ ಲೆಕ್ಕ: ಡೊಂಬಿವಲಿ ಎಂಐಡಿಸಿಯಲ್ಲಿ ಡಕ್ಟ್ ಶುಚಿಯ ಅಂದಾಜು ಬೆಳೆದ ಬಗೆ

ಡಕ್ಟ್ ಎಂದರೆ ಕಟ್ಟಡದೊಳಗೆ ಗಾಳಿಯನ್ನು ತರುವ, ಅಥವಾ ಬೇಡದ ಗಾಳಿಯನ್ನು ಹೊರಗೆ ಒಯ್ಯುವ ನಾಳ. ಅದನ್ನು ಶುಚಿಮಾಡಲು ಎಷ್ಟು ಹಣ, ಎಷ್ಟು ಜನ, ಎಷ್ಟು ದಿನ ಬೇಕೆಂದು ಮುಂಚಿತವಾಗಿ ಹೇಳುವುದು ಕಷ್ಟದ ಕೆಲಸ. ಗೋಡೆಗೆ ಬಣ್ಣ ಹೊಡೆಯುವವರಿಗೆ ಗೋಡೆ ಎದುರಿಗಿರುತ್ತದೆ. ಡಕ್ಟ್ ತೊಳೆಯುವವರಿಗೆ ಕೊಳೆಯೂ ಕಾಣುವುದಿಲ್ಲ, ಎಷ್ಟೋ ಸಲ ಡಕ್ಟೂ ಕಾಣುವುದಿಲ್ಲ. ಎರಡೂ ಫಾಲ್ಸ್ ಸೀಲಿಂಗಿನ ಮೇಲೆ ಕತ್ತಲಲ್ಲಿರುತ್ತವೆ. ಮುಂಬಯಿಯಾಚೆಯ ಕೈಗಾರಿಕಾ ಪ್ರದೇಶವಾದ ಡೊಂಬಿವಲಿ ಎಂಐಡಿಸಿಯಲ್ಲಿ ಇದರ ಮೇಲೆ ಇನ್ನೊಂದು ತೊಡಕಿದೆ. ಡಕ್ಟ್ ಎಂಬ ಒಂದೇ ಹೆಸರು ಅಲ್ಲಿ ನಾಲ್ಕು ಬೇರೆಬೇರೆ ವಸ್ತುಗಳಿಗೆ ಸಲ್ಲುತ್ತದೆ: ಕಚೇರಿ ಮತ್ತು ಔಷಧ ಕಾರ್ಖಾನೆಗಳ ತಂಪುಗಾಳಿಯ ನಾಳ, ಬಟ್ಟೆ ಸಂಸ್ಕರಣೆಯ ಸ್ಟೆಂಟರ್ ಯಂತ್ರದ ಹೊಗೆನಾಳ, ರಾಸಾಯನಿಕ ಘಟಕದ ಆವಿನಾಳ, ಹೋಟೆಲಿನ ಅಡುಗೆಮನೆಯ ಎಕ್ಸಾಸ್ಟ್. ನಾಲ್ಕರ ಕೊಳೆಯೂ ಬೇರೆ, ಅಪಾಯವೂ ಬೇರೆ. ಲೆಕ್ಕ ಹಾಕುವ ಕ್ರಮವೂ ಬೇರೆಯಾಗಿ ಬೆಳೆದದ್ದು ಅದರಿಂದಲೇ.

ಈ ಭಾಗದಲ್ಲಿ ಗಾಳಿಯನ್ನು ಪಳಗಿಸುವ ವಿದ್ಯೆ ಮೊದಲು ಕಾಲಿಟ್ಟದ್ದು ಮುಂಬಯಿಯ ಹತ್ತಿಗಿರಣಿಗಳಲ್ಲಿ. ಕಾವಸ್ಜಿ ನಾನಾಭಾಯಿ ದಾವರ್ 1854ರಲ್ಲಿ ಕಟ್ಟಿದ ಕಂಪನಿಯ ಗಿರಣಿ 1856ರಲ್ಲಿ ನೂಲು ತೆಗೆಯತೊಡಗಿತು. ಒಣಗಾಳಿಯಲ್ಲಿ ಹತ್ತಿಯ ಎಳೆ ಪಟಪಟನೆ ಹರಿಯುತ್ತದೆ. ಗಾಳಿಯಲ್ಲಿ ತೇವವಿದ್ದರೆ ಎಳೆ ಹರಿಯದೆ ನಿಲ್ಲುತ್ತದೆ. ಹಾಗಾಗಿ ಗಿರಣಿಗಳು ನೀರು ಸಿಂಪಡಿಸಿ ತೇವಗೊಳಿಸಿದ ಗಾಳಿಯನ್ನು ನಾಳಗಳ ಮೂಲಕ ಒಳಗೆ ಹರಿಸಿದವು. ಏರ್ ಕಂಡಿಷನಿಂಗ್ ಎಂಬ ಮಾತು ಹುಟ್ಟಿದ್ದೂ ಇಂಥ ಜಾಗದಲ್ಲೇ. ಅಮೆರಿಕದ ಸ್ಟುವರ್ಟ್ ಕ್ರೇಮರ್ 1906ರಲ್ಲಿ ಅದನ್ನು ಬಳಸಿದ್ದು ಬಟ್ಟೆಗಿರಣಿಯ ತೇವದ ವಿಚಾರದಲ್ಲಿ. ಅದಕ್ಕೆ ನಾಲ್ಕು ವರ್ಷ ಮೊದಲು ವಿಲಿಸ್ ಕ್ಯಾರಿಯರ್ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಗಾಳಿಯ ತೇವವನ್ನು ಹದಕ್ಕೆ ತಂದದ್ದು ಒಂದು ಮುದ್ರಣಾಲಯದ ಕಾಗದಕ್ಕಾಗಿ. ತಂಪುಗಾಳಿ ಮನುಷ್ಯರ ಸುಖಕ್ಕೆ ಬಂದದ್ದು ತಡವಾಗಿ. ಮುಂಬಯಿಯಲ್ಲಿ 1933ರಲ್ಲಿ ತೆರೆದ ಕೊಲಾಬಾದ ರೀಗಲ್ ಚಿತ್ರಮಂದಿರ ಅದಕ್ಕೆ ಹೆಸರಾಯಿತು.

ಗಿರಣಿಯ ನಾಳದಲ್ಲಿ ಕೂರುತ್ತಿದ್ದುದು ಹತ್ತಿಯ ನಯವಾದ ಧೂಳು ಮತ್ತು ನೀರಿನ ಪಾಚಿ. ಅದನ್ನು ತೆಗೆಯುವ ಕೆಲಸಕ್ಕೆ ಪ್ರತ್ಯೇಕ ಅಂದಾಜು ಎಂಬುದಿರಲಿಲ್ಲ. ಗಿರಣಿಯ ಸಂಬಳದಾಳುಗಳು ಯಂತ್ರ ನಿಂತ ದಿನ ಪೊರಕೆ, ಬಕೆಟ್ ಹಿಡಿದು ಮಾಡುತ್ತಿದ್ದ ಕೆಲಸವದು. ಗಾಳಿಯ ಶುಚಿಯನ್ನು ಮಾಲೀಕನ ಮರ್ಜಿಯಿಂದ ಬಿಡಿಸಿ ಕಾನೂನಿನ ಮಾತಾಗಿಸಿದ್ದು 1948ರ ಕಾರ್ಖಾನೆ ಕಾಯ್ದೆ. ಅದರ 13ನೇ ಕಲಮು ಗಾಳಿಯಾಟ ಮತ್ತು ಉಷ್ಣತೆಯದಾಗಿತ್ತು. 14ನೆಯದು ಧೂಳು ಮತ್ತು ಹೊಗೆಯನ್ನು ಹುಟ್ಟಿದ ಜಾಗದ ಹತ್ತಿರವೇ ಹೀರಿ ತೆಗೆಯಬೇಕೆಂದು ವಿಧಿಸಿತು. ಗಾಳಿಗೆ ತೇವ ಬೆರೆಸುವ ನೀರು ಸಾರ್ವಜನಿಕ ಸರಬರಾಜಿನದು ಅಥವಾ ಕುಡಿಯಲು ಯೋಗ್ಯವಾದ ಮೂಲದ್ದಾಗಿರಬೇಕು, ಇಲ್ಲದಿದ್ದರೆ ಶುದ್ಧಗೊಳಿಸಿದ್ದಾಗಿರಬೇಕು ಎಂದು 15ನೇ ಕಲಮು ಹೇಳಿತು. ಡಕ್ಟ್ ತೊಳೆಯುವವರಿಗೆ ಎಲ್ಲಕ್ಕಿಂತ ಮುಖ್ಯವಾದದ್ದು 36ನೇ ಕಲಮು. ಅಪಾಯಕಾರಿ ಆವಿ ಇರಬಹುದಾದ ಕೋಣೆ, ತೊಟ್ಟಿ, ಗುಂಡಿ, ಕೊಳವೆ, ಹೊಗೆನಾಳ ಮುಂತಾದ ಇಕ್ಕಟ್ಟಿನ ಜಾಗಗಳಿಗೆ ಸಾಕಷ್ಟು ದೊಡ್ಡ ಒಳದಾರಿ ಇಲ್ಲದೆ ಯಾರನ್ನೂ ಇಳಿಸಕೂಡದು ಎಂದು ಅದು ಕಟ್ಟಪ್ಪಣೆ ಮಾಡಿತು. 1976ರ ತಿದ್ದುಪಡಿಯಲ್ಲಿ ಸೇರಿದ 36ಎ ಕಲಮು ಇಂಥ ಜಾಗದೊಳಗೆ ಒಯ್ಯುವ ವಿದ್ಯುದ್ದೀಪಕ್ಕೆ 24 ವೋಲ್ಟಿನ ಮಿತಿ ಹಾಕಿತು. ನಾಳದೊಳಗೆ ಬೆವರುತ್ತ ತೆವಳುವವನ ಕೈಯಲ್ಲಿ ಮನೆಯ 230 ವೋಲ್ಟಿನ ದೀಪವಿದ್ದರೆ ಏನಾಗುತ್ತದೆಂದು ಬಲ್ಲವರು ಬರೆದ ಸಾಲು ಅದು. ಒಳದಾರಿ, ದೀಪ, ಹೊರಗೆ ನಿಂತು ಕಾಯುವ ಇನ್ನೊಬ್ಬ ಆಳು: ಮುಂದೆ ಅಂದಾಜುಪಟ್ಟಿಯ ಮೊದಲ ಬಾಬುಗಳಾದವು ಇವೇ.

ಡೊಂಬಿವಲಿ ಈ ಕಥೆಯೊಳಗೆ ಬರುವುದು 1960ರ ದಶಕದಲ್ಲಿ. ಬೋರಿಬಂದರದಿಂದ ಠಾಣೆಗೆ 1853ರಲ್ಲಿ ಬಂದ ರೈಲು 1854ರಲ್ಲಿ ಕಲ್ಯಾಣ ಮುಟ್ಟಿತ್ತು. ಹಳಿ ಡೊಂಬಿವಲಿಯನ್ನು ಹಾದೇ ಹೋಗಿದ್ದರೂ ಊರು ಬಹುಕಾಲ ಗದ್ದೆಗಳ ನಡುವಿನ ಸಣ್ಣ ವಸತಿಯಾಗಿಯೇ ಉಳಿಯಿತು. 1962ರ ಆಗಸ್ಟ್ 1ರಂದು ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮ, ಅಂದರೆ ಎಂಐಡಿಸಿ, ಸ್ಥಾಪನೆಯಾಯಿತು. ಠಾಣೆಯ ವಾಗ್ಳೆ ಎಸ್ಟೇಟ್, ಅಂಬರನಾಥ, ಡೊಂಬಿವಲಿಗಳಲ್ಲಿ ಪ್ಲಾಟುಗಳು ಬಿದ್ದವು. ಡೊಂಬಿವಲಿಯ ಹಂತ 1 ಮತ್ತು ಹಂತ 2ರಲ್ಲಿ ಬಟ್ಟೆ ಸಂಸ್ಕರಣೆ, ಬಣ್ಣ, ರಾಸಾಯನಿಕ, ಔಷಧ, ಎಂಜಿನಿಯರಿಂಗ್ ಘಟಕಗಳು ನೆಲೆಯೂರಿದವು. ಅವುಗಳಿಗೆ ಅಂಟಿಕೊಂಡೇ ನಿವಾಸಿ ವಿಭಾಗವೂ ಬೆಳೆಯಿತು. ಎಂಐಡಿಸಿ ಎಂದರೆ ಊರವರಿಗೆ ಕಾರ್ಖಾನೆಯ ವಿಳಾಸವೂ ಹೌದು, ಮನೆಯ ವಿಳಾಸವೂ ಹೌದು.

ಡಕ್ಟಿಗೆ ಒಂದು ಅಳತೆ ಸಿಕ್ಕಿದ್ದೂ ಅದೇ ವರ್ಷಗಳಲ್ಲಿ. ಲೋಹದ ಗಾಳಿನಾಳಗಳ ಭಾರತೀಯ ಮಾನಕ ಐಎಸ್ 655 ಪ್ರಕಟವಾದದ್ದು 1963ರಲ್ಲಿ. ನಾಳ ಅಗಲವಾದಂತೆ ತಗಡು ದಪ್ಪವಾಗಬೇಕು ಎಂಬುದು ಅದರ ತಿರುಳು: ಸಣ್ಣದಕ್ಕೆ 0.63 ಮಿಲಿಮೀಟರ್, ಬಳಿಕ 0.8, 1.0, ತೀರಾ ದೊಡ್ಡದಕ್ಕೆ 1.25. ಠಾಣೆಯಲ್ಲಿ ಕಾರ್ಖಾನೆ ಹೂಡಿದ ವೋಲ್ಟಾಸ್ (ಸ್ಥಾಪನೆ 1954) ಮತ್ತು ಬ್ಲೂ ಸ್ಟಾರ್ (1943) ಕಂಪನಿಗಳಿಂದ ಹವಾನಿಯಂತ್ರಣದ ಕೆಲಸ ಈ ಕೈಗಾರಿಕಾ ಪಟ್ಟಿಯುದ್ದಕ್ಕೂ ಹಬ್ಬಿತು. ಡಕ್ಟ್ ಕಟ್ಟುವ ಗುತ್ತಿಗೆದಾರನ ಬಿಲ್ಲು ತಗಡಿನ ಮೇಲ್ಮೈಯ ಚದರ ಮೀಟರಿನಲ್ಲಿರುತ್ತಿತ್ತು. ನಾಳದ ಅಗಲ ಮತ್ತು ಎತ್ತರ ಕೂಡಿಸಿ, ಎರಡರಿಂದ ಗುಣಿಸಿ, ಉದ್ದದಿಂದ ಗುಣಿಸಿದರೆ ಲೆಕ್ಕ ಮುಗಿಯಿತು. ಶುಚಿಮಾಡುವ ಗುತ್ತಿಗೆ ಹುಟ್ಟಿದಾಗ ಅದೂ ಇದೇ ಅಳತೆಯನ್ನು ಎರವಲು ಪಡೆಯಿತು. ಚದರ ಅಡಿ, ರನ್ನಿಂಗ್ ಫೂಟ್, ಲಂಪ್‌ಸಮ್ ಎಂದು ಮೂರು ಬಗೆಯ ಕೊಟೇಶನ್ ಇಂದಿಗೂ ನಡೆಯುತ್ತವೆ. ಆದರೆ ಕಟ್ಟುವವನ ಅಳತೆ ತೊಳೆಯುವವನಿಗೆ ಪೂರ್ತಿ ಹೊಂದುವುದಿಲ್ಲ. ಕಟ್ಟುವಾಗ ನಾಳ ನೆಲದ ಮೇಲೆ ತುಂಡುತುಂಡಾಗಿ ಬಿದ್ದಿರುತ್ತದೆ. ತೊಳೆಯುವಾಗ ತೂಗುಸರಳುಗಳಿಂದ ಸೀಲಿಂಗಿನಲ್ಲಿ ನೇತಾಡುತ್ತಿರುತ್ತದೆ. 0.63 ಮಿಲಿಮೀಟರಿನ ತಗಡು ಮನುಷ್ಯನ ಭಾರಕ್ಕೆ ಮಾಡಿದ್ದಲ್ಲ.

ಒಂದು ಕಲ್ಪಿತ ಕಟ್ಟಡದ ಲೆಕ್ಕ ಇದನ್ನು ಸ್ಪಷ್ಟಪಡಿಸುತ್ತದೆ. ಒಂದು ಮಹಡಿಯ ಕಚೇರಿ. 900×450 ಮಿಲಿಮೀಟರಿನ ಮುಖ್ಯ ನಾಳ 30 ಮೀಟರ್, 600×300ರದು 40 ಮೀಟರ್, 300×200ರ ಕವಲುಗಳು ಒಟ್ಟು 60 ಮೀಟರ್. ಮೇಲ್ಮೈ ಕ್ರಮವಾಗಿ 81, 72, 60. ಒಟ್ಟು 213 ಚದರ ಮೀಟರ್, ಅಂದರೆ ಸುಮಾರು 2,290 ಚದರ ಅಡಿ. ನಾಳದ ತಳದಲ್ಲಿ ಒಂದು ಮಿಲಿಮೀಟರ್ ಧೂಳು ಕೂತಿದೆ ಎಂದುಕೊಂಡರೆ ತಳದ 69 ಚದರ ಮೀಟರಿನಿಂದ ಹೊರಬರುವುದು 69 ಲೀಟರ್ ಧೂಳು. ಹದಿನೈದು ಲೀಟರಿನ ಕೊಡಗಳಲ್ಲಿ ತುಂಬಿದರೆ ಐದನೆಯ ಕೊಡ ತುಂಬುವುದಿಲ್ಲ. ಇಷ್ಟನ್ನು ತೆಗೆಯಲು ನಾಲ್ವರ ತಂಡ ರಾತ್ರಿಗೆ 40 ಚದರ ಮೀಟರಿನಂತೆ ಕೆಲಸ ಮಾಡಿದರೂ ಆರು ರಾತ್ರಿ ಬೇಕು. ಅದಕ್ಕೂ ಮೊದಲು ಒಳಗೆ ತಲುಪುವ ದಾರಿಯಾಗಬೇಕು. ಐದು ಮೀಟರಿಗೊಂದರಂತೆ 26 ಬಾಗಿಲು ಕೊರೆಯಬೇಕಾದರೆ, ಒಂದೊಂದಕ್ಕೆ ಮುಕ್ಕಾಲು ಗಂಟೆ ಹಿಡಿದರೂ ಹತ್ತೊಂಬತ್ತೂವರೆ ಗಂಟೆ, ಆರು ಗಂಟೆಯ ಪಾಳಿಯಲ್ಲಿ ಮೂರು ರಾತ್ರಿಗೂ ಮಿಕ್ಕಿ. ಬಾಗಿಲೆಂದರೆ ಬರೀ ತೂತಲ್ಲ. ಮೇಲಿನ ಗ್ಲಾಸ್ ವೂಲ್ ಇಲ್ಲವೇ ನೈಟ್ರೈಲ್ ರಬ್ಬರಿನ ಹೊದಿಕೆ ಬಿಚ್ಚಬೇಕು, ತಗಡು ಕತ್ತರಿಸಬೇಕು, ಗ್ಯಾಸ್ಕೆಟ್ ಸಹಿತ ಮುಚ್ಚಳ ಕೂರಿಸಬೇಕು, ಹೊದಿಕೆಯನ್ನು ಮತ್ತೆ ಅಂಟಿಸಬೇಕು; ಇಲ್ಲದಿದ್ದರೆ ಮಳೆಗಾಲದಲ್ಲಿ ಅಲ್ಲೇ ನೀರು ಬೆವರಿ ಸೀಲಿಂಗಿನ ಮೇಲೆ ಕಲೆ ಬೀಳುತ್ತದೆ. ಅಂದಾಜಿನಲ್ಲಿ ಹಣ ಎಲ್ಲಿ ಹೋಗುತ್ತದೆ ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ. ಅದರ ಒಂದು ದೊಡ್ಡ ಪಾಲು ಹೋಗುವುದು ಬರೀ ಕೊಳೆಯನ್ನು ತಲುಪುವುದಕ್ಕೆ. ಕಟ್ಟುವ ದಿನ ಕೆಲವೇ ನೂರು ರೂಪಾಯಿ ಉಳಿಸಲೆಂದು ಬಿಟ್ಟ ಬಾಗಿಲಿಗೆ ಇಪ್ಪತ್ತು ವರ್ಷದ ಮೇಲೆ ಯಾರೋ ನಿದ್ದೆಗೆಟ್ಟು ದುಡಿಯಬೇಕಾಗುತ್ತದೆ. ಕವಲುನಾಳಗಳ ವಿಷಯದಲ್ಲಿ ಚದರ ಅಡಿಯ ದರ ನೇರವಾಗಿ ದಾರಿ ತಪ್ಪಿಸುತ್ತದೆ. ಅವುಗಳ ಮೇಲ್ಮೈ ಎಲ್ಲಕ್ಕಿಂತ ಕಡಿಮೆ, ತಿರುವುಗಳೂ ಗಾಳಿ ತಡೆಯುವ ಡ್ಯಾಂಪರ್‌ಗಳೂ ಗಾಳಿ ಹರಡುವ ಡಿಫ್ಯೂಸರ್‌ಗಳೂ ಎಲ್ಲಕ್ಕಿಂತ ಹೆಚ್ಚು.

ಸ್ಟೆಂಟರ್‌ನ ನಾಳಕ್ಕೆ ಈ ಲೆಕ್ಕ ಹೊಂದದು. ಸ್ಟೆಂಟರ್ ಎಂದರೆ ಬಟ್ಟೆಯ ಎರಡೂ ಅಂಚುಗಳನ್ನು ಸರಪಳಿಯ ಮೊಳೆಗಳಿಗೆ ಸಿಕ್ಕಿಸಿ, ಬಿಸಿಗಾಳಿಯ ಕೋಣೆಗಳಲ್ಲಿ ಹಾಯಿಸಿ, ಅಗಲವನ್ನು ಸ್ಥಿರಗೊಳಿಸುವ ಯಂತ್ರ. 1960ರ ದಶಕದಲ್ಲಿ ಠಾಣೆಯಲ್ಲೇ ಪಾಲಿಯೆಸ್ಟರ್ ನಾರಿನ ತಯಾರಿಕೆ ಆರಂಭವಾಗಿ ‘ಟೆರೀನ್’ ಹೆಸರು ಮನೆಮಾತಾಯಿತು. ಪಾಲಿಯೆಸ್ಟರ್ ಬಟ್ಟೆ ಸುಕ್ಕುಗಟ್ಟದೆ ನಿಲ್ಲಬೇಕಾದರೆ ಅದನ್ನು 180ರಿಂದ 210 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯಿಸಲೇಬೇಕು. 1982ರ ಜನವರಿ 18ರಂದು ದತ್ತಾ ಸಾಮಂತರ ಮುಂದಾಳತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೂಡಿದ ಮುಷ್ಕರದ ಬಳಿಕ ಮುಂಬಯಿಯ ಗಿರಣಿಗಳು ಒಂದೊಂದಾಗಿ ಸೊರಗಿದವು. ನೇಯ್ಗೆಯ ಭಾರ ಭಿವಂಡಿಯಂಥ ವಿದ್ಯುತ್ ಮಗ್ಗದ ಊರುಗಳ ಮೇಲೆ ಬಿತ್ತು, ಕೋರಾ ಬಟ್ಟೆಗೆ ಬಣ್ಣ ಮತ್ತು ಹದ ಕೊಡುವ ಕೆಲಸ ಸಂಸ್ಕರಣಾ ಘಟಕಗಳದಾಯಿತು. ಕಾದ ಬಟ್ಟೆಯಿಂದ ಏಳುವ ಎಣ್ಣೆಯ ಆವಿ ಎಕ್ಸಾಸ್ಟ್ ನಾಳದಲ್ಲಿ ತಣಿದು ಡಾಂಬರಿನಂಥ ಅಂಟಾಗುತ್ತದೆ, ಅದರ ಮೇಲೆ ನೂಲಿನ ಜುಂಗು ಕೂರುತ್ತದೆ. ಎಣ್ಣೆ, ಜುಂಗು, ಬಿಸಿಗಾಳಿ ಮೂರೂ ಒಂದೇ ನಾಳದಲ್ಲಿರುವಾಗ ಬೆಂಕಿಗೆ ಒಂದು ಕಿಡಿ ಸಾಕು. ಇಲ್ಲಿ ಅಂದಾಜಿನ ದೊಡ್ಡ ಬಾಬು ಶಟ್‌ಡೌನ್. ಯಂತ್ರ ನಿಂತ ಪ್ರತಿ ಗಂಟೆಗೂ ಬಟ್ಟೆ ನಷ್ಟವಾಗುವುದರಿಂದ ಕೆಲಸವನ್ನು ವಾರದ ರಜೆಗೆ ತುರುಕುವುದು ರೂಢಿ. ನಾಳ ತಣಿಯಲು ಬೇಕಾದ ಹೊತ್ತನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಅಂದಾಜು ಕೆರೆಯುವವರ ಕೈ ಸುಡುತ್ತದೆ. ಮಾತಿನ ಅಲಂಕಾರವಲ್ಲ, ನಿಜವಾಗಿಯೇ ಸುಡುತ್ತದೆ.

ರಾಸಾಯನಿಕ ಘಟಕದ ಆವಿನಾಳ ಇನ್ನೊಂದು ಜಾತಿ. ಆಮ್ಲದ ಆವಿಗೆ ತಗಡು ತಾಳದು, ಆದ್ದರಿಂದ ಪಾಲಿಪ್ರೊಪಿಲೀನ್ ಅಥವಾ ಎಫ್‌ಆರ್‌ಪಿ (ನಾರು ಬೆರೆಸಿದ ಪ್ಲಾಸ್ಟಿಕ್) ನಾಳ. ಅದನ್ನು ಕೆರೆಯುವ ಮುನ್ನ ಒಳಗೆ ಏನಿದೆ ಎಂದು ತಿಳಿಯಬೇಕು. ಕಿಡಿ ಹಾರಿಸುವ ಉಪಕರಣ ಒಯ್ಯಕೂಡದು. ತೊಳೆದ ನೀರನ್ನು ಮೋರಿಗೆ ಬಿಡಕೂಡದು. ಬಿದ್ದ ಕೆಸರನ್ನು ಅಪಾಯಕಾರಿ ತ್ಯಾಜ್ಯವೆಂದು ಚೀಟಿ ಹಚ್ಚಿ ತಳೋಜೆಯ ವಿಲೇವಾರಿ ಕೇಂದ್ರಕ್ಕೆ ಕಳಿಸಬೇಕು. ಸಾಗಣೆ ಮತ್ತು ವಿಲೇವಾರಿಯ ವೆಚ್ಚ ಕೆಲವೊಮ್ಮೆ ಕೆಲಸದ ಕೂಲಿಯನ್ನೇ ಮೀರಬಹುದು. 2016ರ ಮೇ 26ರಂದು ಮತ್ತು 2024ರ ಮೇ 23ರಂದು ಡೊಂಬಿವಲಿ ಎಂಐಡಿಸಿಯ ರಾಸಾಯನಿಕ ಕಾರ್ಖಾನೆಗಳಲ್ಲಿ ನಡೆದ ಸ್ಫೋಟಗಳಿಗೆ ಒಂದೊಂದರಲ್ಲೂ ಹತ್ತಕ್ಕೆ ಕಡಿಮೆಯಿಲ್ಲದಷ್ಟು ಜನ ಬಲಿಯಾದರು, ಕಿಲೋಮೀಟರುಗಳಾಚೆಯ ಮನೆಗಳ ಗಾಜು ಉದುರಿತು. ಅವು ನಾಳಗಳಿಂದಾದ ಅವಘಡಗಳಲ್ಲ. ಆದರೆ ಕೆಲಸದ ಪರ್ಮಿಟ್, ಅನಿಲದ ಪರೀಕ್ಷೆ, ಕಾವಲಿನ ಆಳು ಎಂಬ ಸಾಲುಗಳನ್ನು ಕೊಟೇಶನ್ನಿನಿಂದ ಹೊಡೆದುಹಾಕಿ ದರ ಇಳಿಸಲು ಕೇಳುವವರ ಕಣ್ಣೆದುರಿಗೆ ಆ ಎರಡು ದಿನಗಳು ಇರಬೇಕು.

ಹೋಟೆಲಿನ ಅಡುಗೆಮನೆಯದು ಕನ್ನಡಿಗರಿಗೆ ಹತ್ತಿರದ ಕಥೆ. ಮಾಟುಂಗದಲ್ಲಿ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದದ್ದು 1942ರಲ್ಲಿ. ಉಡುಪಿ, ದಕ್ಷಿಣ ಕನ್ನಡದ ಹೋಟೆಲಿಗರು ರೈಲುಹಳಿ ಹಿಡಿದು ಠಾಣೆ, ಡೊಂಬಿವಲಿ, ಕಲ್ಯಾಣಗಳವರೆಗೆ ಹಬ್ಬಿದರು. ಡೊಂಬಿವಲಿಯಲ್ಲಿ ಕರ್ನಾಟಕ ಸಂಘವೂ ಅದು ನಡೆಸುವ ಮಂಜುನಾಥ ವಿದ್ಯಾಲಯವೂ ಕನ್ನಡಿಗರ ನೆಲೆಯಾದವು. ಸೌದೆ, ಇದ್ದಿಲಿನ ಒಲೆಯ ಕಾಲದಲ್ಲಿ ಚಿಮಣಿಯಲ್ಲಿ ಕೂರುತ್ತಿದ್ದುದು ಒಣಮಸಿ, ಕೆರೆದರೆ ಉದುರುತ್ತಿತ್ತು. ಬರ್ಮಾ ಶೆಲ್ ಕಂಪನಿ 1955ರಲ್ಲಿ ಮುಂಬಯಿಯಲ್ಲಿ ಅಡುಗೆ ಅನಿಲ ಮಾರತೊಡಗಿದ ಮೇಲೆ ಒಲೆ ಮೆಲ್ಲಮೆಲ್ಲನೆ ಬದಲಾಯಿತು. ಮಸಿ ಹೋಯಿತು, ವಡೆಯ ಬಾಣಲೆ ಮತ್ತು ದೋಸೆಕಲ್ಲಿನಿಂದ ಏಳುವ ಎಣ್ಣೆಯ ಹಬೆ ಉಳಿಯಿತು. ಹುಡ್, ಬ್ಲೋವರ್, ತಗಡಿನ ನಾಳ ಬಂದು ಆ ಹಬೆಯನ್ನು ಕಟ್ಟಡದ ಹಿಂಗೋಡೆಯುದ್ದಕ್ಕೂ ಮೇಲಕ್ಕೆ ಒಯ್ದವು. ದಾರಿಯಲ್ಲಿ ಅದು ಜಿಡ್ಡಾಗಿ ಹೆಪ್ಪುಗಟ್ಟಿತು.

ಜಿಡ್ಡಿಗೆ ಅಳತೆಗೋಲು ಬಂದದ್ದು ಹೊರದೇಶದಿಂದ. ಬ್ರಿಟನ್ನಿನ ಟಿಆರ್ 19 ಮಾರ್ಗದರ್ಶಿ ಜಿಡ್ಡಿನ ಸರಾಸರಿ ದಪ್ಪ 200 ಮೈಕ್ರಾನ್ ಮುಟ್ಟಿದರೆ ನಾಳವನ್ನು ಶುಚಿಮಾಡಬೇಕೆನ್ನುತ್ತದೆ. ದಿನಕ್ಕೆ 12ರಿಂದ 16 ಗಂಟೆ ನಡೆಯುವ ಅಡುಗೆಮನೆಗೆ ಮೂರು ತಿಂಗಳಿಗೊಮ್ಮೆ, 6ರಿಂದ 12 ಗಂಟೆಯದಕ್ಕೆ ಆರು ತಿಂಗಳಿಗೊಮ್ಮೆ, ಅದಕ್ಕೂ ಕಡಿಮೆಯದಕ್ಕೆ ವರ್ಷಕ್ಕೊಮ್ಮೆ. ಅಮೆರಿಕದ ಅಗ್ನಿಸುರಕ್ಷಾ ಮಾನಕ ಎನ್‌ಎಫ್‌ಪಿಎ 96 ಅಡ್ಡನಾಳದಲ್ಲಿ 12 ಅಡಿಗೊಂದು ಬಾಗಿಲು ಕೇಳುತ್ತದೆ. ಬೆಳಗಿನ ಇಡ್ಲಿಯಿಂದ ರಾತ್ರಿಯ ಊಟದವರೆಗೆ ಒಲೆ ಆರದ ಉಡುಪಿ ಹೋಟೆಲು ಮೂರು ತಿಂಗಳ ವರ್ಗದ್ದು ಎಂಬುದರಲ್ಲಿ ಸಂದೇಹವಿಲ್ಲ. 450×450 ಮಿಲಿಮೀಟರಿನ 25 ಮೀಟರ್ ನಾಳಕ್ಕೆ ಮೇಲ್ಮೈ 45 ಚದರ ಮೀಟರ್. 200 ಮೈಕ್ರಾನ್ ದಪ್ಪದಲ್ಲಿ ಅಲ್ಲಿರುವ ಜಿಡ್ಡು 9 ಲೀಟರ್, ಹದಿನೈದು ಕಿಲೋದ ಎಣ್ಣೆ ಡಬ್ಬದ ಅರ್ಧಕ್ಕಿಂತ ತುಸು ಹೆಚ್ಚು. ಬಿಟ್ಟು ಬಿಟ್ಟು ಎರಡು ಮಿಲಿಮೀಟರಿಗೆ ಏರಿದರೆ 90 ಲೀಟರ್, ಅಂದರೆ ಐದೂವರೆ ಡಬ್ಬ ಎಣ್ಣೆ ಬೆಂಕಿಯ ನೇರ ಮೇಲೆ ತೂಗಿದಂತೆ. ಹೋಟೆಲಿನವರಿಗೆ ಮೈಕ್ರಾನಿಗಿಂತ ಡಬ್ಬದ ಈ ಲೆಕ್ಕ ಬೇಗ ತಲೆಗೆ ಹತ್ತುತ್ತದೆ. ಜಿಡ್ಡು ಕರಗಿಸಲು ಕಾಸ್ಟಿಕ್ ಸೋಡಾ ಅಗ್ಗ. ಆದರೆ ಅದು ಜಿಐ ತಗಡಿನ ಮೇಲಿನ ಸತುವಿನ ಲೇಪವನ್ನೂ ಕರಗಿಸುತ್ತದೆ. ಪದೇಪದೇ ಬಳಸಿದರೆ ತಗಡು ತುಕ್ಕು ಹಿಡಿದು ಜಿಡ್ಡು ಹೊರಗೆ ತೊಟ್ಟಿಕ್ಕುತ್ತದೆ. ಕಡಿಮೆ ದರದ ಕೊಟೇಶನ್ನಿನಲ್ಲಿ ಬರೆಯದೆ ಬಿಟ್ಟ ಖರ್ಚು ಅದು.

ತಂಪುಗಾಳಿಯ ನಾಳವನ್ನು ತೊಳೆಯುವುದು ಅಗತ್ಯವೇ ಎಂಬ ಪ್ರಶ್ನೆಯೂ ಈ ಇತಿಹಾಸದ ಭಾಗ. ಅಮೆರಿಕದಲ್ಲಿ 1989ರಲ್ಲಿ ಡಕ್ಟ್ ಶುಚಿಗಾರರ ಸಂಘ ನಾಡ್ಕಾ ಹುಟ್ಟಿತು. ತೊಳೆದ ಮೇಲ್ಮೈಯಲ್ಲಿ ಉಳಿದದ್ದನ್ನು ಹೀರಿ ತೂಗಿದರೆ 100 ಚದರ ಸೆಂಟಿಮೀಟರಿಗೆ 0.75 ಮಿಲಿಗ್ರಾಂಗಿಂತ ಹೆಚ್ಚು ಧೂಳಿರಬಾರದು ಎಂಬ ಅಳತೆ ಕೊಟ್ಟಿತು. ಆ ದೇಶದ ಪರಿಸರ ಸಂರಕ್ಷಣಾ ಸಂಸ್ಥೆ 1997ರಲ್ಲಿ ಮನೆಮಂದಿಗಾಗಿ ಹೊರತಂದ ಪುಸ್ತಿಕೆ ಒಂದು ಮನೆಯ ವ್ಯವಸ್ಥೆಗೆ 450ರಿಂದ 1,000 ಡಾಲರ್ ಖರ್ಚೆಂದು ಬರೆದು, ಅದರ ಜೊತೆಗೇ ಹೇಳಿತು: ನಾಳ ತೊಳೆದರೆ ಕಾಯಿಲೆ ತಪ್ಪುತ್ತದೆಂದು ಎಲ್ಲೂ ಸಾಬೀತಾಗಿಲ್ಲ, ಬೂಷ್ಟು, ಇಲಿ ಹುಳು, ಗಾಳಿ ಕಟ್ಟುವಷ್ಟು ಧೂಳು ಕಂಡರೆ ತೊಳೆಸಿ. ಶುದ್ಧಗಾಳಿಯ ಊರಿಗೆ ಈ ಸಲಹೆ ಸರಿ. ಡೊಂಬಿವಲಿಗೆ ಅದನ್ನು ಹಾಗೆಯೇ ಹೊಂದಿಸಲಾಗದು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2009ರ ಸಮಗ್ರ ಸೂಚ್ಯಂಕದಲ್ಲಿ ಡೊಂಬಿವಲಿ 78.41 ಅಂಕ ಪಡೆದು ತೀವ್ರ ಮಲಿನ ಪ್ರದೇಶಗಳ ಸಾಲಿಗೆ ಸೇರಿತು. 2014ರ ಜನವರಿಯಲ್ಲಿ ಅಲ್ಲಿ ಹಸಿರು ಮಳೆ ಬಿದ್ದದ್ದು, 2020ರ ಫೆಬ್ರವರಿಯಲ್ಲಿ ಎಂಐಡಿಸಿಯ ರಸ್ತೆ ಗುಲಾಬಿಯಾದದ್ದು ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಹೊರಗಾಳಿ ಎಳೆಯುವ ಬಾಯಿ ಬಣ್ಣದ ಕಾರ್ಖಾನೆಯ ಎದುರಿಗಿದ್ದರೆ ನಾಳದೊಳಗಿನದನ್ನು ಬರಿಯ ಧೂಳೆನ್ನಲಾಗದು. ಅಲ್ಲಿ ಅಂದಾಜು ಶುರುವಾಗಬೇಕಾದದ್ದು ಫಿಲ್ಟರಿನಿಂದ. ಫಿಲ್ಟರ್ ಸರಿಯಿಲ್ಲದೆ ನಾಳ ತೊಳೆಸಿದ ಹಣ ಒಂದೇ ಮಳೆಗಾಲ ಬಾಳುತ್ತದೆ.

2020ರ ಏಪ್ರಿಲ್‌ನಲ್ಲಿ ಭಾರತೀಯ ಹವಾನಿಯಂತ್ರಣ ಎಂಜಿನಿಯರರ ಸಂಘ ಇಶ್ರೇ, ಕೋವಿಡ್ ಕಾಲಕ್ಕೆಂದು ಮಾರ್ಗದರ್ಶಿ ಹೊರಡಿಸಿ ಒಳಾಂಗಣಕ್ಕೆ 24ರಿಂದ 30 ಡಿಗ್ರಿ ಉಷ್ಣತೆ, ಶೇ. 40ರಿಂದ 70 ತೇವ, ಹೆಚ್ಚು ಹೊರಗಾಳಿ ಎಂದು ಸೂಚಿಸಿತು. ತಲೆಯ ಮೇಲಿನ ನಾಳದಲ್ಲಿ ಏನಿದೆ ಎಂಬ ಪ್ರಶ್ನೆ ಮೊದಲ ಸಲ ಕಚೇರಿಯ ಸಾಮಾನ್ಯ ನೌಕರರ ಬಾಯಲ್ಲೂ ಬಂತು. ಕೆಲಸದ ಕ್ರಮವೂ ಈ ಹೊತ್ತಿಗೆ ಬದಲಾಗಿತ್ತು. ಕೊಟೇಶನ್ನಿಗೆ ಮೊದಲು ನಾಳದೊಳಗೆ ಕ್ಯಾಮೆರಾ ಇಳಿಸಿ ತೋರಿಸುವುದು, ಒಂದು ತುದಿಯಲ್ಲಿ ಸೂಕ್ಷ್ಮ ಧೂಳನ್ನೂ ಹಿಡಿಯುವ ಹೆಪಾ ಫಿಲ್ಟರಿನ ಹೀರುಯಂತ್ರ ಜೋಡಿಸಿ ಇನ್ನೊಂದು ತುದಿಯಿಂದ ತಿರುಗುವ ಬ್ರಷ್ ಓಡಿಸುವುದು, ಮುಗಿದ ಮೇಲೆ ಮತ್ತೆ ಕ್ಯಾಮೆರಾ. ಒಳಮೈಗೆ ಗ್ಲಾಸ್ ವೂಲ್ ಹೊದಿಸಿದ ನಾಳವಾದರೆ ಬ್ರಷ್ ಅದನ್ನೇ ಹರಿಯುತ್ತದೆ. ಅಲ್ಲಿ ಮೆಲ್ಲಗೆ ಹೀರುವುದೊಂದೇ ದಾರಿ, ಹೊತ್ತು ಹೆಚ್ಚು. ನಾಳದಲ್ಲಿ ಬೆಂಕಿ ತಡೆಯುವ ಡ್ಯಾಂಪರ್ ಇದ್ದರೆ ಅದು ಮುಚ್ಚುತ್ತದೆಯೇ ಎಂದು ಪರೀಕ್ಷಿಸುವುದು ಇದೇ ಹೊತ್ತಿಗೆ ಆಗಬೇಕು. 2011ರ ಡಿಸೆಂಬರ್ 9ರಂದು ಕೋಲ್ಕತ್ತದ ಆಸ್ಪತ್ರೆಯೊಂದರ ನೆಲಮಾಳಿಗೆಯ ಬೆಂಕಿಯ ಹೊಗೆ ಹವಾನಿಯಂತ್ರಣದ ನಾಳಗಳಲ್ಲಿ ಮೇಲಕ್ಕೇರಿ ಮಲಗಿದ್ದ ರೋಗಿಗಳ ಉಸಿರು ನಿಲ್ಲಿಸಿತು.

ಹೀಗೆ ರೂಪುಗೊಂಡ ಅಂದಾಜುಪಟ್ಟಿಯಲ್ಲಿ ಚದರ ಅಡಿ ಒಂದು ಸಾಲು ಮಾತ್ರ. ಉಳಿದ ಸಾಲುಗಳು ನಾಳದ ಜಾತಿ, ಬಾಗಿಲುಗಳ ಎಣಿಕೆ, ಸೀಲಿಂಗ್ ಬಿಚ್ಚಿ ಕೂರಿಸುವ ಕೆಲಸ, ಏಣಿ ಇಲ್ಲವೇ ಅಟ್ಟಣೆ, ರಾತ್ರಿಪಾಳಿಯ ಕೂಲಿ, ಪರ್ಮಿಟ್ ಮತ್ತು ಕಾವಲು, ತ್ಯಾಜ್ಯದ ಸಾಗಣೆ, ಕೊನೆಯ ಪರೀಕ್ಷೆ. ಒಂದು ನಾಳವನ್ನು ಎರಡನೆಯ ಸಲ ಶುಚಿಮಾಡುವಾಗ ಈ ಪಟ್ಟಿ ಗಿಡ್ಡವಾಗುತ್ತದೆ. ಮೊದಲ ಸಲ ಕೊರೆದ ಬಾಗಿಲುಗಳಿಗೆ ಗುರುತಿನ ಸಂಖ್ಯೆ ಅಂಟಿಸಿ, ಅವು ಎಲ್ಲೆಲ್ಲಿವೆ ಎಂಬ ನಕ್ಷೆಯನ್ನು ಕಟ್ಟಡದ ಕಡತದಲ್ಲಿ ಇಟ್ಟಿದ್ದರೆ, ಬಾಗಿಲಿನ ಬಾಬೇ ಹೊಸ ಕೊಟೇಶನ್ನಿನಲ್ಲಿ ಇರುವುದಿಲ್ಲ.